ಒಂದು ದೊಡ್ಡದು, ಒಂದು ಚಿಕ್ಕದು

ನವೆಂಬರ್ ೧೪, ಗುರುವಾರ

ಇನ್ನು ಸರಿಪಡಿಸಲು ಬರುವುದಿಲ್ಲ. ಜೀಪಿಗೆ ಹೊಸ ತೂತು ಕೊರೆದಾಯಿತು.

ಸೊಸೆ ದನದ ಡಾಕ್ಟರು. ಗುಡ್ಡದ ದಾರಿಯಲ್ಲಿ ಔಷಧಿ ಬಾಟಲಿಗಳು ಉರುಳದಿರಲೆಂದು ಮೂರು ಭಾನುವಾರ ಕೂತು ಜೀಪಿನ ಹಿಂಭಾಗಕ್ಕೆ ಪ್ಲೈವುಡ್ಡಿನ ಡ್ರಾಯರ್ ಮಾಡಿದ್ದಳು. ಒಂದು ದೊಡ್ಡದು, ಒಂದು ಚಿಕ್ಕದು. "ಇದೇನೇ, ಕೋಳಿಗೂಡಾ? ಅಂಗಡೀಲಿ ಚೊಕ್ಕವಾಗಿರೋದು ಸಿಗಲ್ವಾ?" ಎಂದೆ, ನೆರೆಯವರ ಎದುರಿಗೇ. ಅವಳು ನಕ್ಕು ಡ್ರಾಯರ್ ಮುಚ್ಚಿದಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಸ್ಟೀಲಿನ ರೆಡಿಮೇಡ್ ತರಿಸಿದೆ.

ಇವತ್ತು ಮೆಕ್ಯಾನಿಕ್ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಎಲ್ಲ ಮುಗಿದ ಮೇಲೆ ಹಳೆಯ ದೊಡ್ಡ ಡ್ರಾಯರ್‌ನಿಂದ ಎರಡು ಮೆಟ್ಟಿಲಿನ ಪುಟ್ಟ ಸ್ಟೂಲು ತೆಗೆದು ನನಗೆ ತೋರಿಸಿದ.

"ಅಮ್ಮಾ, ಇದು ಹೊಸದ್ರಲ್ಲಿ ಹಿಡಿಸಲ್ಲ. ಯಾತಕ್ಕಿದು?"

ಪಕ್ಕದಲ್ಲಿದ್ದ ಸೊಸೆ ನನ್ನ ಮುಖ ನೋಡಲಿಲ್ಲ. "ಅತ್ತೆಗೆ ಜೀಪ್ ಹತ್ತೋಕೆ ಅಂತ ಮಾಡಿದ್ದೆ. ಇರಲಿ, ಶೆಡ್ಡಲ್ಲಿ ಇಟ್ಬಿಡಿ."

ಎರಡು ವರ್ಷದಿಂದ ನಾನು ಜೀಪು ಹತ್ತಿಲ್ಲ. ಧೂಳು ಆಗಿಬರುವುದಿಲ್ಲ ಎನ್ನುತ್ತ ಬಂದಿದ್ದೇನೆ. ಮೊಣಕಾಲಿನ ಮಾತನ್ನು ಮಗನ ಹತ್ತಿರವೂ ಎತ್ತಿಲ್ಲ. ಇವಳಿಗೆ ಗೊತ್ತಾಗಿತ್ತು, ಆದರೂ ಯಾರಿಗೂ ಹೇಳಿ ನನ್ನ ಮಾನ ಕಳೆಯಲಿಲ್ಲ. ಅವಳ ಮಾನವನ್ನು ನಾನು ನಾಲ್ಕು ಜನರೆದುರು ಕಳೆದೆ.

ಊಟವಾದ ಮೇಲೆ ಸ್ಟೂಲನ್ನು ಕೋಣೆಗೆ ತಂದು ಹತ್ತಿ ನೋಡಿದೆ. ಗೋಡೆ ಹಿಡಿಯಬೇಕಾಗಲಿಲ್ಲ. ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದಾಳೆ.

ಬೆಳಿಗ್ಗೆ ಅವಳು ಹೊರಡುವ ಮೊದಲು ಕೇಳಬೇಕು. ಸ್ಟೂಲನ್ನು ನನ್ನ ಕಾಲ ಬುಡದಲ್ಲೇ ಇಟ್ಟುಕೊಳ್ಳುತ್ತೇನೆ, ನಾನೂ ಬರಲಾ ಎಂದು. ನಾಲಿಗೆ ಏಳಬೇಕಲ್ಲ. ಬೈಯುವುದಕ್ಕಾದರೆ ತಾನೇ ಏಳುತ್ತದೆ, ಇಂಥದ್ದಕ್ಕೆ ನಾನೇ ಎಬ್ಬಿಸಬೇಕು.