ಅವ್ವನಿಗೆ ಹಿಡಿದ ಕೋಣೆ

ಮರುಳಸಿದ್ದ,

ನೀನು ಮಿಲ್ಲಿನಿಂದ ಬರುವ ಹೊತ್ತಿಗೆ ನಾನೂ ಅವ್ವನೂ ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿರುತ್ತೇವೆ.

ಅವ್ವನ ಕಣ್ಣಿನ ಆಪರೇಷನ್ ಆದಮೇಲೆ ಎಂಟು ದಿನ ಪಟ್ಟಿ ಬಿಚ್ಚೋದಿಲ್ಲವಂತೆ. ಛತ್ರದಲ್ಲಿ ಮೂರೇ ದಿನ ಇಟ್ಟುಕೊಳ್ಳುವುದು. ಅದಕ್ಕೇ ಹೋಟೆಲಿನಲ್ಲಿ ಕೋಣೆಗೆ ಹೇಳಿದ್ದೇನೆ. ಒಂದು ರೂಪಾಯಿಯ ಮಹಡಿ ಕೋಣೆಯಲ್ಲ. ಕೆಳಗಿನದು, ಬಚ್ಚಲು ಇರುವುದು, ದಿನಕ್ಕೆ ಮೂರು.

"ಮಲಗೋದಕ್ಕೆ ಮೂರು ರೂಪಾಯಾ? ನಾವೇನು ದಿವಾನರ ಮಕ್ಕಳೇನಣ್ಣ?" ಅಂದೆಯಲ್ಲ, ಮಲಗೋದಕ್ಕಲ್ಲ ಕಣೋ. ಸ್ನಾನ, ಲಿಂಗಪೂಜೆ ಆಗದೆ ಅವ್ವ ತುತ್ತು ಮುಟ್ಟೋಳಲ್ಲ. ಕಣ್ಣು ಕಟ್ಟಿಕೊಂಡು ಮೆಟ್ಟಿಲಿಳಿಯಲಾರದೆ, ಬಾಯಿಬಿಟ್ಟು ಹೇಳದೆ, ಉಪವಾಸ ಕೂತುಬಿಡ್ತಾಳೆ.

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಬಿಲ್ವದ ಗಿಡಕ್ಕೆ ನೀರು ಮರೀಬೇಡ.

ಕೋಣೆ ಬಾಡಿಗೆ ಎಷ್ಟೋ ಅಂತ ಅವ್ವ ಕೇಳಿದಳು. ಎಂಟಾಣೆ ಅಂದೆ. ಅವ್ವನ ಮುಂದೆ ನಾನಾಡಿದ ಮೊದಲ ಸುಳ್ಳು ಅದು, ಶಿವ ಕ್ಷಮಿಸಲಿ. ಭಾನುವಾರ ನೋಡೋಕೆ ಬಂದಾಗ ನೀನೂ ಎಂಟಾಣೆ ಅಂತಲೇ ಅನ್ನು.

ನಿನ್ನ ಅಣ್ಣ