ಮುಚ್ಚಳದ ಮೇಲಿನ ಅರಿಶಿನ

ಅಣ್ಣಿಗೇರಿ
ಬುಧವಾರ

ತೀರ್ಥರೂಪ ಅಪ್ಪನವರಿಗೆ, ಸಿಟ್ಟಿನಲ್ಲೇ ಸುಧಾರಾಣಿಯ ನಮಸ್ಕಾರ.

ಫೋನ್ ಮಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹತ್ತಿಕಟ್ಟಿಗೆಯ ರಟ್ಟಿನಿಂದ ನಾನು ಮಾಡಿದ ಮಟನ್ ಡಬ್ಬಿಗಳನ್ನು ಮಟನ್ ಅಂಗಡಿಯ ಮಾಳಿಂಗರಾಯ ಕಾಕಾ ನಿನ್ನೆ ಮೂರನೆಯ ಸಲ ವಾಪಸ್ ಕಳಿಸಿದರು. ಮುಚ್ಚಳದ ತೂತಿಗೆ ಅಂಟಿಸಿದ ಅರಿಶಿನದ ಬೊಟ್ಟು, ಒಳಗಿನ ಮಾಂಸ ಕೆಟ್ಟರೆ ಮಾತ್ರ ಕೆಂಪಾಗಬೇಕು; ಇವು ತಾಜಾ ಮಾಂಸಕ್ಕೇ ಕೆಂಪಾಗಿದ್ದವು. “ಮುಂಜಾನಿ ಕಡದ ಮಟನ್ ಹೊತ್ತೇರೂದ್ರಾಗ ಹೆಂಗ ಕೆಡತೈತಿ, ಸುಧವ್ವಾ?” ಎಂದು ಕೇಳಿದರು. ಎರಡು ವಾರದಿಂದ ಆ ಬೊಟ್ಟಿಗೇ ಬೈಯುತ್ತ ಮತ್ತೆ ಮತ್ತೆ ಮಾಡಿದ್ದೇ ಬಂತು.

ಇವತ್ತು ಹೊಸ ಡಬ್ಬಿಗಳನ್ನು ಕೊಟ್ಟು, ಅಂಗಡಿಯ ಒಳಗೆ ಮರೆಯಲ್ಲಿ ನಿಂತು ನೋಡಿದೆ. ನೀವು ತಿರ್ಲಾಪುರದ ಬಸ್ಸಿಳಿದು, ತಂಬಾಕಿಗೆ ಸುಣ್ಣ ತಿಕ್ಕುತ್ತ ಬಂದಿರಿ. ಅದೇ ಹೆಬ್ಬೆರಳಿನಿಂದ ಒಂದೊಂದೇ ಬೊಟ್ಟನ್ನು ಒತ್ತಿ, “ನೋಡ್ರಿ, ಇದನ್ನ ನನ್ನ ಮಗಳು ಮಾಡ್ಯಾಳ!” ಎಂದು ಗಿರಾಕಿಗಳಿಗೆ ತೋರಿಸಿದಿರಿ. ನೀವು ಒತ್ತಿದ ಬೊಟ್ಟುಗಳೆಲ್ಲ ಕೆಂಪಾದವು. ಆರತಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುವ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕೇ?

ಸೋಮವಾರ ಹುಬ್ಬಳ್ಳಿಯ ಸಗಟು ವ್ಯಾಪಾರಿ ಡಬ್ಬಿ ನೋಡಲು ಅಂಗಡಿಗೆ ಬರುತ್ತಾರೆ. ಅವತ್ತು ಒಂದು ಬೊಟ್ಟು ಸುಮ್ಮಸುಮ್ಮನೆ ಕೆಂಪಾದರೂ ಎದ್ದು ಹೋಗುತ್ತಾರೆ. ನಾನು ಈ ಕೆಲಸಕ್ಕಿಳಿದ ಎರಡು ವರ್ಷದಲ್ಲಿ ನನ್ನ ಎದುರು ಒಮ್ಮೆಯೂ “ಚಲೋ ಆಗೇತಿ” ಎನ್ನದ ನೀವು ಅಂಗಡಿಯಲ್ಲಿ ಇಷ್ಟು ಮಾತಾಡುತ್ತೀರೆಂದು ನನಗೆ ಹೇಗೆ ಗೊತ್ತಾಗಬೇಕು?

ಬರಬೇಡಿ ಎನ್ನುತ್ತಿಲ್ಲ. ಬಾಗಿಲಲ್ಲಿ ನೀರು, ಸೋಪು ಇಟ್ಟಿರುತ್ತೇನೆ. ಕೈ ತೊಳೆದುಕೊಂಡು ಒಳಗೆ ಬನ್ನಿ. ವ್ಯಾಪಾರಿಗೂ ನೀವೇ ಹೇಳಿ, ಗಿರಾಕಿಗಳಿಗೆ ಹೇಳಿದ ಹಾಗೆಯೇ. ನಾನು ಒಳಗೇ ನಿಂತಿರುತ್ತೇನೆ.

ಇಂತಿ,
ಆ ಡಬ್ಬಿ ಮಾಡಿದ ನಿಮ್ಮ ಮಗಳು
ಸುಧಾರಾಣಿ