ಸೀಸೆಯಲ್ಲಿ ಗುಳ್ಳೆ ನಿಲ್ಲುವವರೆಗೆ

ಶ್ವಾಸವಾಸ, ಹೊಸಪೇಟೆ ಜಲಾಶಯದ ದಂಡೆ
ಕ್ರಿ.ಶ. 2469, ಹೂಳುಮಾಸದ ಮೂವತ್ತೆಂಟನೆಯ ದಿನ

ಸಮಸ್ತ ಹೊಗೆಮಂಡಲಾಧೀಶ್ವರರೂ, ಪ್ಲಾಸ್ಟಿಕ್ ಸಾಮ್ರಾಜ್ಯ ಸ್ಥಾಪನಾಚಾರ್ಯರೂ, ಎದೆನೋವನ್ನು ಸೋಡಾ ಕುಡಿದೇ ಗೆಲ್ಲಹೊರಟ ಮಹಾಶೂರರೂ ಆದ ಇಪ್ಪತ್ತೊಂದನೆಯ ಶತಮಾನದ ಪೂಜ್ಯ ಪೂರ್ವಿಕರ ದಿವ್ಯ ಪಾದಗಳಿಗೆ, ಒಂದೂವರೆ ಶ್ವಾಸಕೋಶದ ಜಂಬುನಾಥನು ಮಲಗಿದಲ್ಲಿಂದಲೇ ಮಾಡುವ ಅರ್ಧ ಸಾಷ್ಟಾಂಗ ನಮಸ್ಕಾರಗಳು.

ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡಿ. ಜಲಾಶಯದ ಹೂಳು ತೆಗೆದು ಮುಗಿಯುವವರೆಗೆ ನಮ್ಮಲ್ಲಿ ಆ ತಿಂಗಳು ಮುಗಿಯುವುದಿಲ್ಲ. ಹೂಳು ಯಾರದು ಅಂತೀರಿ? ತಮ್ಮದೇ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಬರಹಗಳು ನಮಗೆ ಅದಕ್ಕಿಂತ ವಿಚಿತ್ರವಾಗಿ ಕಾಣುತ್ತವೆ. ಆದರೂ ಓದುತ್ತೇವೆ, ಇಲ್ಲಿ ಬೇರೆ ಮನರಂಜನೆ ಇಲ್ಲ.

ನಾನು ಮುಳುಗಾಳು, ಎಂದರೆ ನೀರಿನ ತಳಕ್ಕಿಳಿದು ಆ ಹೂಳನ್ನು ಬಾಚುವವನು. ವಯಸ್ಸು ಹತ್ತೊಂಬತ್ತು, ಮೈ ಗಳುವಿನಂತೆ ಉದ್ದ, ತೆಳು. ಹತ್ತು ದಿನದ ಹಿಂದೆ ದಡದಲ್ಲಿ ಕೂತು ರೊಟ್ಟಿ ತಿನ್ನುವಾಗ, ಯಾವ ಸಾಹಸವನ್ನೂ ಮಾಡದೆ, ನನ್ನ ಎಡ ಶ್ವಾಸಕೋಶ ಕುಸಿಯಿತು. ಅದಕ್ಕೊಂದು ತೂತು ಬಿದ್ದು, ಸೋರಿದ ಗಾಳಿ ಎದೆಗೂಡಿನಲ್ಲಿ ತುಂಬಿ ಅದನ್ನೇ ಹಿಂಡಿತು. ಈಗ ಪಕ್ಕೆಲುಬುಗಳ ನಡುವೆ ಒಂದು ನಳಿಕೆ ಇದೆ. ಅದರ ತುದಿ ಮಂಚದ ಕೆಳಗಿನ ಸೀಸೆಯ ನೀರಿನಲ್ಲಿ. ಸೋರುವ ಗಾಳಿ ಅಲ್ಲಿ ಗುಳ್ಳೆಯಾಗಿ ಬರುತ್ತದೆ. ಗುಳ್ಳೆ ನಿಂತರೆ ತೂತು ಮುಚ್ಚಿತೆಂದು ಅರ್ಥ. ಹನ್ನೊಂದನೆಯ ದಿನಕ್ಕೂ ನಿಲ್ಲದಿದ್ದರೆ ಎದೆ ಕೊಯ್ದು ಶ್ವಾಸಕೋಶವನ್ನು ಗೂಡಿಗೆ ಅಂಟಿಸುತ್ತಾರೆ. ಅಂಟಿಸಿಕೊಂಡವನಿಗೆ ಮತ್ತೆ ನೀರಿಗಿಳಿಯುವ ಪರವಾನಗಿ ಇಲ್ಲ. ಜೀವಮಾನವಿಡೀ ದಡದಲ್ಲಿ ಬುಟ್ಟಿ ಹೆಣೆಯಬೇಕು. ನಾಳೆ ಹನ್ನೊಂದನೆಯ ದಿನ.

ಶ್ವಾಸವಾಸದಲ್ಲಿ ರೋಗಿ ಮಾತಾಡುವಂತಿಲ್ಲ, ಬದಲಿಗೆ ಪೂರ್ವಿಕರಿಗೆ ಮೌನಪತ್ರ ಬರೆಯಬೇಕು. ನಿಮ್ಮ ಕಾಲದಿಂದ ಒಂದಿಷ್ಟೂ ಬದಲಾಗದೆ ಉಳಿದುಬಂದ ಈ ಸೀಸೆಗಾಗಿ ನಿಮಗೆ ಕೃತಜ್ಞತೆ ಸಲ್ಲಿಸಬೇಕು, ಇದು ನಿಯಮ. ಕೃತಜ್ಞತೆ! ಸ್ಫೂರ್ತಿಗೆಂದು ಎದುರು ಗೋಡೆಗೆ ನಿಮ್ಮವನೇ ಆದ ಪಂಪಣ್ಣನೆಂಬಾತನ ವೃತ್ತಾಂತವನ್ನು ಬೇರೆ ತೂಗುಹಾಕಿದ್ದಾರೆ. ಹತ್ತು ದಿನದಿಂದ ಅದನ್ನೇ ಓದುತ್ತಿದ್ದೇನೆ.

ಪಂಪಣ್ಣನ ಶ್ವಾಸಕೋಶ ಸೋಮವಾರ ಕುಸಿಯಿತು. ಹೆಂಡತಿ "ದವಾಖಾನಿಗೆ ನಡೀರಿ" ಅಂದಳು. ಅಣ್ಣ "ಏ, ಗ್ಯಾಸ್ ಅದು, ಓಂಕಾಳು ಕೊಡವ್ವ" ಅಂದ. ಮಂಗಳವಾರ ಸೋಡಾ. ಬುಧವಾರ ಬೆನ್ನಿಗೆ ಗುದ್ದು. ಗುರುವಾರ, ತುಟಿ ನೀಲಿಗಟ್ಟಿದ ಮೇಲೆ, ದವಾಖಾನೆ. ಮೂರು ದಿನ ಒಂದಿಡೀ ಮನೆತನ ಸೇರಿ, ಗಾಳಿ ತುಂಬಿ ಸಾಯುತ್ತಿದ್ದವನಿಗೆ ಮತ್ತಷ್ಟು ಗಾಳಿಯನ್ನೇ ಕುಡಿಸಿತು. ಎಂಥ ಪಾಂಡಿತ್ಯ!

ನಳಿಕೆ ಹಾಕಿದ ಮೇಲಾದರೂ ಸುಮ್ಮನಿದ್ದಿರಾ? ಊರಿಗೆ ಊರೇ ಮೋಸಂಬಿ ಹಿಡಿದು ಬಂತು. ಪ್ರತಿಯೊಬ್ಬರೂ ಮಂಚದ ತುದಿಗೆ ಕೂತು "ಹೆಂಗಾತಪಾ, ಮೊದಲಿಂದ ಹೇಳು" ಅಂದರು. ಉಸಿರೇ ಇಲ್ಲದವನ ಬಾಯಲ್ಲಿ ನಲವತ್ತು ಸಲ ಪುರಾಣ ಹೇಳಿಸಿದಿರಿ. ಉಸಿರೆಳೆದು ಮೂರು ಚೆಂಡು ಮೇಲೇರಿಸುವ ಒಂದು ಪ್ಲಾಸ್ಟಿಕ್ ಸಾಧನವನ್ನು ಅವನಿಗೆ ಕೊಟ್ಟಿದ್ದರು. ಸೋದರಮಾವ "ತಾ ಇಲ್ಲಿ" ಎಂದು ಕಸಿದುಕೊಂಡು, "ನೋಡಲೇ, ಒಂದ ಏಟಿಗೆ ಮೂರೂ ಎದ್ದವು! ನಿನಗೇನ್ ಧಾಡಿ?" ಎಂದು ಎಂಜಲು ಸಮೇತ ಹಿಂದಿರುಗಿಸಿದನಂತೆ. ನಿಮ್ಮ ಶತಮಾನಕ್ಕೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇಕೆ?

ನಿಮ್ಮ ಈ ಕಾಟದಿಂದಲೇ ನಮ್ಮಲ್ಲಿ ಬಾಯಾಳು ಎಂಬ ಹುದ್ದೆ ಹುಟ್ಟಿತು. ನೋಡಲು ಬಂದವರಿಗೆಲ್ಲ ರೋಗಿಯ ಬದಲು ಕಥೆ ಹೇಳುವವನು ಬಾಯಾಳು. ನನ್ನ ಪಾಲಿಗೆ ಬಂದವನು ದುರುಗಪ್ಪಜ್ಜ. ಮೊದಲ ದಿನ ರೊಟ್ಟಿಯ ಕಥೆಯನ್ನೇ ಹೇಳಿದ. ಐದನೆಯ ದಿನಕ್ಕೆ ಮೊಸಳೆ ಬಂತು. ನಿನ್ನೆ ಎರಡು ಮೊಸಳೆ. "ಅಜ್ಜಾ, ಅಂವ ನಗಾಕತ್ತ್ಯಾನ, ಸಾಕು ಮಾಡು" ಎಂದು ನನ್ನಕ್ಕ ಹೊನ್ನೂರಮ್ಮ ಗದರಿದರೆ, "ನಗು ಅಲ್ಲವ್ವ, ನೋವಿಗೆ ಮುಖ ಹಂಗಾಗೈತಿ" ಅಂದ. ಎರಡೂ ನಿಜ. ನಕ್ಕರೆ ಪಕ್ಕೆ ಸೀಳಿದಂತಾಗುತ್ತದೆ; ಕೆಮ್ಮಬೇಕೆಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು.

ಇಂದು ಬೆಳಿಗ್ಗೆ ಡಾಕ್ಟರ್ ಹುಲಿಗೆಮ್ಮ ಬಂದು ಸೀಸೆಯತ್ತ ಬಗ್ಗಿದರು. "ಕೆಮ್ಮು ತಮ್ಮಾ" ಅಂದರು. ಕೆಮ್ಮಿದೆ. ಒಂದು ಗುಳ್ಳೆಯೂ ಬರಲಿಲ್ಲ. ನೀರು ಅಲುಗಲೂ ಇಲ್ಲ. ಅವರು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿ, "ಛಲೋ ಆತು, ಆದರ ಸಂಜಿಗೆ ಇನ್ನೊಮ್ಮೆ ನೋಡತೀನಿ" ಎಂದು ಹೋದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುರುಗಪ್ಪಜ್ಜ ಮೂರನೆಯ ಮೊಸಳೆಯನ್ನು ಹುಡುಕಿಕೊಂಡು ಹೊರಗೆ ಹೋದ.

ಆದ್ದರಿಂದ, ಪೂಜ್ಯರೇ, ಎಷ್ಟು ಹೇಳಿದರೂ ತಿದ್ದಿಕೊಳ್ಳದ ನಿಮಗೆ ನನ್ನ ಆಜ್ಞೆ ಇಷ್ಟೇ. ಎದೆಯಲ್ಲಿ ಥಟ್ಟನೆ ಚುಚ್ಚಿ ಉಸಿರು ಸಾಲದಾದರೆ ಅಣ್ಣನನ್ನು ಕೇಳಬೇಡಿ, ಹೆಂಡತಿಯ ಮಾತು ಕೇಳಿ. ನೋಡಹೋದವರು ಬಾಯಿ ಮುಚ್ಚಿಕೊಂಡು ಕೂತಿರಿ. ಪರರ ಚೆಂಡು ಮುಟ್ಟಬೇಡಿ. ಇನ್ನು ತಮ್ಮ ಹೊಗೆಯಲ್ಲಿ ತಾವು ಸುಖವಾಗಿರಿ.

ಇತಿ,
ಜಂಬುನಾಥ, ಮುಳುಗಾಳು

ಕಾಗದದಲ್ಲಿ ಒಂದಿಷ್ಟು ಜಾಗ ಉಳಿದಿದೆ. ಗುಳ್ಳೆ ನಿಂತಿಲ್ಲ. ಡಾಕ್ಟರಮ್ಮನ ಚಪ್ಪಲಿ ಸದ್ದು ಕೇಳಿದೊಡನೆ ನಳಿಕೆಯನ್ನು ಮಡಿಚಿ ತೊಡೆಯ ಕೆಳಗೆ ಅದುಮಿಕೊಂಡಿದ್ದೆ. ಇನ್ನೂ ಅಲ್ಲೇ ಇದೆ. ನನಗೆ ಬುಟ್ಟಿ ಬೇಡ, ಜಲಾಶಯದ ನೀರು ಬೇಕು. ಆದರೆ ಎದೆ ಬಿಗಿಯುತ್ತಿದೆ, ಅಕ್ಷರಗಳು ಸೊಟ್ಟಗಾಗುತ್ತಿವೆ, ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಾಳೆ. ಅವಳನ್ನು ಕರೆಯುತ್ತೇನೆ. ಕಾಲೆತ್ತುತ್ತಿದ್ದೇನೆ.